ಗೋಧಿ ಹುಗ್ಗಿ ಉಂಡ ಕೂಸು

"ಹುಟ್ಟಿನಲ್ಲೇ ಬಂದ ಕುಳ್ಳತನಕ್ಕೆ ಮದ್ದುಂಟೇ, ಗುರುಗಳೇ?" ಎಂದು ರೇವಣಸಿದ್ಧ ಕೇಳಿದ.

ಅವನು ಚನ್ನವೀರಯ್ಯನವರ ಬಳಿ ವೈದ್ಯ ಕಲಿಯುತ್ತಿದ್ದ. ಬೆಳಿಗ್ಗೆ ಗುರುಗಳು ಇಲ್ಲದ ಹೊತ್ತಿನಲ್ಲಿ ಒಬ್ಬ ತಾಯಿ ಬೆಳವಣಿಗೆಯಿಲ್ಲದ ಮಗುವನ್ನು ಎತ್ತಿಕೊಂಡು ಬಂದಿದ್ದಳು. ತಾಯಿಯೂ ಗಿಡ್ಡ. ಇದು ನಿಮ್ಮ ವಂಶದಲ್ಲೇ ಇದೆ, ಮದ್ದಿಲ್ಲ ಎಂದು ಹೇಳಿ ಇವನು ಕಳಿಸಿಬಿಟ್ಟಿದ್ದ. ಕಳಿಸಿದ ಮೇಲೆ ಯಾಕೋ ಮನಸ್ಸಿಗೆ ಸಮಾಧಾನವಿರಲಿಲ್ಲ. ನಡೆದದ್ದನ್ನೆಲ್ಲ ಗುರುಗಳಿಗೆ ಒಪ್ಪಿಸಿದ.

ಗುರುಗಳು ಎಲೆ ಅಡಿಕೆ ಬಾಯಿಗಿಟ್ಟು ಕತೆ ಶುರುಮಾಡಿದರು.

ಒಬ್ಬ ರೈತನಿದ್ದ. ಇಬ್ಬರು ಗಂಡುಮಕ್ಕಳು, ಆಮೇಲೆ ಒಂದು ಹೆಣ್ಣು. ಗಂಡುಮಕ್ಕಳೇನೋ ಕಂಬದ ಹಾಗೆ ಬೆಳೆದರು. ಹೆಣ್ಣುಕೂಸು ಮಾತ್ರ ಐದು ತುಂಬಿದರೂ ಮೂರರ ಮಗುವಿನಷ್ಟೇ ಇತ್ತು. ಕೈಕಾಲು ಕಡ್ಡಿ, ಹೊಟ್ಟೆ ಉಬ್ಬು, ಆಗಾಗ ಭೇದಿ. ಸೊಸೆಯ ತವರಿನವರೆಲ್ಲ ಗಿಡ್ಡರು, ಆ ರಕ್ತವೇ ಕೂಸಿಗೆ ಬಂದಿದೆ ಎಂದು ರೈತನ ತಾಯಿ ಬಂದವರೆದುರು ಹೋದವರೆದುರು ಆಡಿಕೊಳ್ಳುತ್ತಿದ್ದಳು. ಮುದುಕಿಯ ಬಾಯಿ ಜೋರು, ಆದರೆ ಮೊಮ್ಮಗಳೆಂದರೆ ಪಂಚಪ್ರಾಣ. ಮನೆಮಂದಿಗೆಲ್ಲ ಜೋಳದ ರೊಟ್ಟಿ, ಕೂಸಿಗೆ ಮಾತ್ರ ದಿನಾ ಗೋಧಿ ಹುಗ್ಗಿ. ತುಪ್ಪ ಹಾಕಿ ತಾನೇ ಕೂತು ಉಣಿಸುತ್ತಿದ್ದಳು. ಉಂಡಷ್ಟೂ ಕೂಸು ಸೊರಗಿತು.

ಸೊಸೆ ನಾಲ್ಕನೆಯ ಹೆರಿಗೆಗೆ ತವರಿಗೆ ಹೋದಾಗ ಕೂಸನ್ನೂ ಕರೆದೊಯ್ದಳು. ಅದು ಬಡವರ ಮನೆ, ಗೋಧಿ ಎಲ್ಲಿಂದ ಬರಬೇಕು? ಜೋಳದ ನುಚ್ಚು, ಮಜ್ಜಿಗೆ, ಬೇಳೆಕಟ್ಟು. ಐದು ತಿಂಗಳಲ್ಲಿ ಕೂಸಿನ ಕೆನ್ನೆ ತುಂಬಿತು, ಲಂಗ ಗಿಡ್ಡವಾಯಿತು. ಸೊಸೆಗೆ ಖುಷಿಯೋ ಖುಷಿ. ಗಂಡನ ಮನೆಗೆ ಮರಳಿ ತಿಂಗಳಾಗುವಷ್ಟರಲ್ಲಿ ಮತ್ತೆ ಅದೇ ಹೊಟ್ಟೆ, ಅದೇ ಭೇದಿ. ಈ ಸಲ ಕೂಸು ಉಳಿಯುವುದಿಲ್ಲವೆಂದು ಹೆದರಿ ವೈದ್ಯನ ಬಳಿ ಒಯ್ದಳು. ಅತ್ತೆಯೂ ಹಿಂದೆಯೇ ಬಂದಳು.

ವೈದ್ಯ ನಾಡಿ ಹಿಡಿಯುವ ಮೊದಲು, ಅಲ್ಲಿ ಏನು ಉಂಡಿತು, ಇಲ್ಲಿ ಏನು ಉಣ್ಣುತ್ತದೆ ಎಂದು ವಿಚಾರಿಸಿದ. ಕೆಲವರಿಗೆ ಗೋಧಿ ಒಗ್ಗದು, ಕರುಳು ಕೆಟ್ಟು ಉಂಡದ್ದು ಮೈಗೆ ಹತ್ತುವುದಿಲ್ಲ ಎಂದ. ಆ ದೋಷ ವಂಶದಲ್ಲಿ ಬರುತ್ತದೆ, ಆದರೆ ಬಂದವರಿಗೆಲ್ಲ ಕಾಡುವುದಿಲ್ಲ, ಮೇಲಾಗಿ ಅಣ್ಣಂದಿರು ಉಣ್ಣುವುದು ಜೋಳ, ಅದಕ್ಕೇ ಗಟ್ಟಿಯಾಗಿದ್ದಾರೆ ಎಂದೂ ತಿಳಿಸಿದ. ನಿಮ್ಮಲ್ಲಿ ಹಿಂದೆ ಯಾರಿಗಾದರೂ ಹೀಗಿತ್ತೇ ಎಂದು ಕೇಳಿದ. ಸೊಸೆ ತನ್ನ ತವರಿನಲ್ಲಿ ಯಾರಿಗೂ ಇಲ್ಲವೆಂದಳು. ಅತ್ತೆ ಕೂಸನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗಿತ್ತು," ಎಂದಳು. "ಆರು ತುಂಬುವ ಮೊದಲೇ ಹೋಯಿತು. ಅದಕ್ಕೂ ಹುಗ್ಗಿಯನ್ನೇ ಉಣಿಸಿದ್ದೆ."

ಸಂಕಟ ತಡೆಯಲಾರದೆ ಸೊಸೆಯ ಕೈ ಹಿಡಿದುಕೊಂಡು ಅತ್ತಳು. ಅಂದಿನಿಂದ ಕೂಸಿಗೆ ಗೋಧಿ ನಿಂತಿತು. ಎರಡು ವರ್ಷದಲ್ಲಿ ಅದು ಓರಗೆಯ ಮಕ್ಕಳ ಸರಿಸಮಕ್ಕೆ ಬಂತು.

ರೇವಣಸಿದ್ಧನಿಗೆ ಕತೆ ಬಹಳ ಹಿಡಿಸಿತು. ಹಾಗಾದರೆ ತಪ್ಪು ರಕ್ತದ್ದೋ ಗೋಧಿಯದೋ ಎಂದು ಉತ್ಸಾಹದಿಂದ ಕೇಳಿದ.

ಗುರುಗಳು ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದು ಹೇಳಿದರು:

"ಅದಿರಲಿ, ಬೆಳಿಗ್ಗೆ ನೀನು ಕಳಿಸಿದ ಆ ತಾಯಿ ಯಾವ ಊರಿನವಳೆಂದು ಕೇಳಿಟ್ಟುಕೊಂಡೆಯಾ?"