ಮಡ್ಗಾರ್ಡು ಜಾಗ ಕೊಟ್ಟದ್ದು

ನಲವತ್ತು ವರ್ಷದ ಹಳೆಯ ಕಾರಿಗೆ ಮೆಕ್ಯಾನಿಕ್ ಫೆಲಿಕ್ಸ್ ರೇಸಿನ ಅಗಲವಾದ ಟೈರುಗಳನ್ನು ಹಾಕಿದ. ಕಾರಿನ ಹಿಗ್ಗು ಹೇಳತೀರದು. ಅಂಗಳದಲ್ಲೇ ಒಂದು ಸುತ್ತು ಹೊರಟಿತು. ಮೊದಲ ತಿರುವಿನಲ್ಲೇ ಟೈರು ಮಡ್ಗಾರ್ಡಿನ ಅಂಚಿಗೆ ಉಜ್ಜಿ ಹೊಗೆಯೆದ್ದಿತು.

"ಅಣ್ಣಾ, ಒಂದು ಬೆರಳಷ್ಟು ಜಾಗ ಕೊಡಿ," ಎಂದಿತು ಟೈರು.

"ನನ್ನ ಅಂಚು ಹುಟ್ಟಿದಾಗಿನಿಂದ ಹೀಗೇ ಇದೆ. ನೀನೇ ಸಣ್ಣಗಾಗು," ಎಂದಿತು ಮಡ್ಗಾರ್ಡು.

ಕಾರು ಗಕ್ಕನೆ ನಿಂತಿತು. ನಾಳೆಯೇ ರೇಸು. ಟೈರು ಬಿಚ್ಚಿದರೆ ಮತ್ತೆ ಷೆಡ್ಡಿನ ಮೂಲೆಯೇ ಗತಿ. "ಅಣ್ಣಾ, ಒಂದೇ ಒಂದು ಸಲ ಓಡಿ ನೋಡುವ ಆಸೆ ನನಗೆ," ಎಂದು ಕಾರು ಬೇಡಿಕೊಂಡಿತು.

ಮಡ್ಗಾರ್ಡು ತನ್ನ ಅಂಚನ್ನೂ ಟೈರನ್ನೂ ಒಮ್ಮೆ ನೋಡಿಕೊಂಡಿತು. ಆಮೇಲೆ, "ಕತ್ತರಿಸುವುದು ಬೇಡ. ಮಡಿಸುವುದಾದರೆ ಮಡಿಸಲಿ," ಎಂದಿತು.

ಫೆಲಿಕ್ಸ್ ಬಣ್ಣ ಬಿರಿಯದಂತೆ ಬಿಸಿಗಾಳಿ ಹಾಯಿಸಿ ಅಂಚನ್ನು ಮೆಲ್ಲಗೆ ಒಳಕ್ಕೆ ಮಡಿಸಿದ. "ಅಯ್ಯಯ್ಯೋ, ಕಚಗುಳಿ!" ಎಂದು ಮಡ್ಗಾರ್ಡು ಕಿಲಕಿಲ ನಕ್ಕಿತು. ಹೊರಗಿನಿಂದ ನೋಡಿದರೆ ಅದರ ಚೆಲುವು ಕೂದಲೆಳೆಯಷ್ಟೂ ಕೆಟ್ಟಿರಲಿಲ್ಲ.

ಮರುದಿನ ರೇಸಿನಲ್ಲಿ ಫೆಲಿಕ್ಸ್ ಸ್ಟಿಯರಿಂಗ್ ಹಿಡಿದ; ಕಾರು ಧೂಳೆಬ್ಬಿಸಿಕೊಂಡು ಓಡಿತು. ಟೈರು ಎಲ್ಲಿಯೂ ತಾಗಲಿಲ್ಲ. ಏಳನೆಯದಾಗಿ ಗುರಿ ಮುಟ್ಟಿ ಕಾರು ಏದುಸಿರು ಬಿಡುತ್ತಿದ್ದಾಗ, ಎಲ್ಲರಿಗಿಂತ ಮೊದಲು ಕೂಗಿದ್ದು ಮಡ್ಗಾರ್ಡು: "ಇಳಿಯಬೇಡಯ್ಯಾ ಫೆಲಿಕ್ಸ್, ಇನ್ನೊಂದು ಸುತ್ತು!"