ದ್ಯಾವಣ್ಣ ಮುಚ್ಚಿಟ್ಟ ಮಚ್ಚೆ

ಮಕ್ಕಳೇ, ಕಾಡಂಚಿನ ದಿಬ್ಬದ ಮೇಲೆ ದ್ಯಾವಣ್ಣನೆಂಬ ಕರಡಿ ಕಿತ್ತಳೆ ತೋಟ ಮಾಡಿಕೊಂಡಿದ್ದ. ದಿಬ್ಬದ ಕೆಳಗೆ ನಿಂಗಕ್ಕನೆಂಬ ಮೊಲದ ಮನೆ. ಅವಳಿಗಿದ್ದದ್ದು ಒಂದೇ ಒಂದು ಕಿತ್ತಳೆ ಮರ.

ದ್ಯಾವಣ್ಣನ ಹಣ್ಣೆಂದರೆ ಕಾಡಿಗೆಲ್ಲ ಹೆಸರು. ಹೊಗಳಿಕೆ ಕೇಳಿ ಕೇಳಿ ಅವನಿಗೆ ತನ್ನ ತೋಟದ ತಪ್ಪೇ ಕಾಣದಂತಾಗಿತ್ತು. ಕೊಂಬೆಗಳು ನೆಲ ಮುಟ್ಟಿದರೂ ಸವರಲಿಲ್ಲ. ಉದುರಿದ ಹಣ್ಣು ಬುಡದಲ್ಲೇ ಕೊಳೆಯುತ್ತಿತ್ತು.

"ದ್ಯಾವಣ್ಣ, ಕೆಳಗಿನ ಕೊಂಬೆ ಸವರಬಾರದೇ? ಬುಡದಲ್ಲಿ ನೀರು ನಿಂತಿದೆ. ಒಂದಿಷ್ಟು ಗಾಳಿ, ಬಿಸಿಲು ಆಡಲಿ," ಎಂದಳು ನಿಂಗಕ್ಕ.

"ಒಂದು ಮರ ಇಟ್ಟುಕೊಂಡವಳು ನನಗೆ ಬುದ್ಧಿ ಹೇಳ್ತೀಯಾ?" ಎಂದು ದ್ಯಾವಣ್ಣ ನಕ್ಕ.

ಆ ವರ್ಷ ಎಂಟು ದಿನ ಬಿಡದೆ ಮಳೆ ಹೊಡೆಯಿತು. ಒಂಬತ್ತನೆಯ ಬೆಳಿಗ್ಗೆ ನೋಡಿದರೆ, ಕೆಸರು ಸಿಡಿದ ಹಣ್ಣುಗಳ ಮೇಲೆಲ್ಲ ಕಂದು ಮಚ್ಚೆ! ದ್ಯಾವಣ್ಣ ಮೂಸಿದ. ಕೊಳೆತ ವಾಸನೆ.

ಅಷ್ಟರಲ್ಲಿ ಕೆಳಗಿನಿಂದ ನಿಂಗಕ್ಕ ಕೂಗಿದಳು. "ನಿನ್ನ ತೋಟದ ನೀರೆಲ್ಲ ನನ್ನ ಮರದ ಬುಡಕ್ಕೇ ಬರ್ತಿದೆ ದ್ಯಾವಣ್ಣ! ಮರಗಳು ಚೆನ್ನಾಗಿವೆ ತಾನೇ?"

ಹೇಳಿಬಿಡಬೇಕೆಂದು ಬಾಯಿ ತೆರೆದ. ಆದರೆ ಕಟ್ಟಿಕೊಂಡ ಹೆಸರು ಹೋದೀತಲ್ಲ!

"ಚೆನ್ನಾಗಿವೆ, ಚೆನ್ನಾಗಿವೆ," ಎಂದವನೇ ಮಚ್ಚೆಯ ಹಣ್ಣುಗಳನ್ನು ಎಲೆಯಲ್ಲಿ ಮುಚ್ಚಿದ.

ಮಳೆ ಮತ್ತೆ ಹಿಡಿಯಿತು. ರೋಗದ ನೀರು ದಿಬ್ಬ ಇಳಿಯಿತು. ದ್ಯಾವಣ್ಣನ ಅರ್ಧ ತೋಟದ ಹಣ್ಣು ಉದುರಿಹೋಯಿತು. ನಿಂಗಕ್ಕನ ಮರದ ಬುಡದಲ್ಲಿ ಅಂಟು ಸೋರಿ, ಎಲೆ ಹಳದಿಯಾಗಿ, ಬೇಸಿಗೆ ಬರುವಷ್ಟರಲ್ಲಿ ಮರ ಒಣಗಿ ನಿಂತಿತು.

ದ್ಯಾವಣ್ಣ ತಲೆ ತಗ್ಗಿಸಿ ಅವಳ ಮುಂದೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡ.

ನಿಂಗಕ್ಕ ಬೈಯಲಿಲ್ಲ. "ಅವತ್ತೇ ಹೇಳಿದ್ದರೆ ಒಂದು ಕಾಲುವೆ ತೋಡಿ ನೀರನ್ನು ಆಚೆ ತಿರುಗಿಸ್ತಿದ್ದೆ. ಅರ್ಧ ದಿನದ ಕೆಲಸ ದ್ಯಾವಣ್ಣ," ಎಂದಳು, ಅಷ್ಟೇ.

ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತು ಅವನಿಗೆ.

ಅಂದಿನಿಂದ ದ್ಯಾವಣ್ಣ ಕೊಂಬೆ ಸವರಿದ, ಬಿದ್ದ ಹಣ್ಣನ್ನು ದೂರ ಒಯ್ದು ಹೂಳಿದ, ನೀರು ನಿಲ್ಲದಂತೆ ಬುಡಕ್ಕೆ ಮಣ್ಣು ಏರಿಸಿದ. ಮಾರನೆಯ ವರ್ಷ ಅವನ ಮರಗಳು ಮತ್ತೆ ಫಲ ಕೊಟ್ಟವು. ಮೊದಲ ಬುಟ್ಟಿಯನ್ನು ನಿಂಗಕ್ಕನ ಬಾಗಿಲಿಗೆ ಒಯ್ದ. ಅವಳು ಮರಿಗಳಿಗೆಲ್ಲ ಸುಲಿದು ಕೊಟ್ಟಳು. ತಾನು ಮಾತ್ರ ಒಂದು ತೊಳೆಯನ್ನೂ ಬಾಯಿಗೆ ಹಾಕಲಿಲ್ಲ.

ನೀತಿ: ತಪ್ಪನ್ನು ತಿದ್ದಿಕೊಳ್ಳಬಹುದು, ಮುಚ್ಚಿಟ್ಟು ನೆರೆಯವರಿಗೆ ತಂದ ನಷ್ಟವನ್ನು ತುಂಬಿಕೊಡಲಾಗದು.