ಹಿತ್ತಾಳೆ ಬಿಲ್ಲೆಯೂ ಕಾಲ್ಬೆರಳ ದಾರವೂ

"ಕೇಳ್ರಪ್ಪೋ ಕೇಳಿ! ಓಲೆಕಾರ ಬೆಟ್ಟಯ್ಯನಿಗೆ ಶುಕ್ರವಾರ ಗಲ್ಲು! ರಾಜಕುಮಾರಿಯವರ ಮೂರು ಒಗಟು ಬಿಡಿಸಿದವರು ಅವನನ್ನು ಉಳಿಸಿಕೊಂಡು, ಬೇಕಾದ ಒಂದು ವರ ಕೇಳಬಹುದು. ತಪ್ಪಿದರೆ ಅವರಿಗೂ ಗಲ್ಲು!"

ಡಂಗುರ ಕೇಳಿ, ಚಾಪೆ ಹೆಣೆಯುತ್ತಿದ್ದ ಚನ್ನಿಗನ ಮೈ ಉರಿದುಹೋಯಿತು. ಬೆಟ್ಟಯ್ಯ ಅವನ ಒಡಹುಟ್ಟಿದ ಅಣ್ಣ. ಮಾಡಿದ ತಪ್ಪೇನು ಅಂತೀರಾ? ಕೇಳಿದರೆ ನಿಮಗೂ ಸಿಟ್ಟು ನೆತ್ತಿಗೇರುತ್ತದೆ. ವೀರಗೋಪ ದೊರೆಯ ಅರಮನೆಯಲ್ಲಿ ಕೆಲಸವಿಲ್ಲದ ಓಲೆಕಾರರು ಜಗಲಿಯಲ್ಲಿ ಮಲಗಿರಬೇಕು. ತಲೆಯ ಮೇಲ್ಗಡೆ ತೂಗುಹಾಕಿದ ಒಂದು ಚೀಲ, ಚೀಲದಿಂದ ಕಾಲ್ಬೆರಳಿಗೆ ದಾರ. ಓಲೆ ಬಿದ್ದರೆ ದಾರ ಜಗ್ಗಿ ಎಚ್ಚರವಾಗುತ್ತದೆ. ಅಷ್ಟಿದ್ದರೆ ಸಾಕಿತ್ತಲ್ಲ! ಆದರೆ 'ಎದ್ದಿದ್ದಾನೆ' ಎಂದು ಕೆತ್ತಿದ ಹಿತ್ತಾಳೆ ಬಿಲ್ಲೆಯನ್ನು ಜಗಲಿಯ ಮೇಲ್ವಿಚಾರಣೆಯ ಪಾರುಪತ್ತೇಗಾರ ಬಂದು ಕೊರಳಿಗೆ ಹಾಕುವ ತನಕ ಯಾರೂ ಏಳಕೂಡದೆಂದು ದೊರೆಯ ಅಪ್ಪಣೆ. ಹಿಂದೊಬ್ಬ ಬಿಲ್ಲೆಯಿಲ್ಲದೆ ಎದ್ದು ಛಡಿಯೇಟು ತಿಂದಿದ್ದ.

ಮೊನ್ನೆ ಮಧ್ಯಾಹ್ನ, ಕೆರೆಯ ಏರಿ ಬಿರುಕು ಬಿಟ್ಟಿದೆ, ಹೊಸಹಳ್ಳಿಯವರು ಊರು ಬಿಡಬೇಕು ಎಂಬ ಓಲೆ ಬಂತು. ಪಾರುಪತ್ತೇಗಾರ ಉಣ್ಣಲು ಹೋಗಿದ್ದ. ಬೆಟ್ಟಯ್ಯ ಕಣ್ಣು ಬಿಟ್ಟುಕೊಂಡು ಬಿದ್ದೇ ಇದ್ದ. ಹನ್ನೊಂದು ಮನೆ, ಮನೆಯವರ ಸಮೇತ ಕೊಚ್ಚಿಹೋದವು. ಓಲೆ ಮುಟ್ಟಿಸದ ತಪ್ಪು ಬೆಟ್ಟಯ್ಯನ ತಲೆಗೆ ಬಂತು.

ಸಭೆಯಲ್ಲಿ ರಾಜಕುಮಾರಿ ಮಲ್ಲಾಜಮ್ಮ ಉತ್ತರಗಳನ್ನು ಮೂರು ಓಲೆಗರಿಯಲ್ಲಿ ಬರೆದು ಮುಚ್ಚಿಟ್ಟುಕೊಂಡು ಕೂತಿದ್ದಳು. "ಬಾಯಿಲ್ಲ, ಮಲಗಿದವನನ್ನು ಎಬ್ಬಿಸುತ್ತದೆ. ಕಾಲಿಲ್ಲ, ಅವನನ್ನು ಓಡಿಸುತ್ತದೆ. ಯಾವುದದು?"

ವರದ ಆಸೆಗೆ ಬಂದ ಪಂಡಿತ "ಸೂರ್ಯ" ಅಂದ. ದಳವಾಯಿ "ಹೆದರಿಕೆ" ಅಂದ. ಇಬ್ಬರ ಕೈಗೂ ಕೋಳ ಬಿತ್ತು.

ಚನ್ನಿಗ ಮುಂದೆ ಬಂದ. "ಓಲೆ, ಅಮ್ಮಣ್ಣಿ. ಕೆಲಸ ಬಂದರೆ ಕೆಲಸದವನು ಏಳುತ್ತಾನೆ. ಬೇರೆ ಯಾರೂ ಹೇಳಬೇಕಾಗಿಲ್ಲ."

ರಾಜಕುಮಾರಿ ಮೊದಲನೆಯ ಗರಿ ಬಿಚ್ಚಿ ತೋರಿಸಿ, ಎರಡನೆಯ ಒಗಟು ಕೇಳಿದಳು. "ನಿಜ ಹೇಳಲೆಂದು ಮಾಡಿಸಿದ್ದು, ಕಳಚುವುದನ್ನು ಮರೆತರೆ ಮಾರನೆಯ ದಿನ ಸುಳ್ಳು ಹೇಳುತ್ತದೆ."

"ಬಿಲ್ಲೆ! ನಿನ್ನೆಯದು ಕೊರಳಲ್ಲೇ ಉಳಿದು, ಚೀಲ ಖಾಲಿಯಿದ್ದರೂ ಎಷ್ಟು ಜನ ಸುಮ್ಮನೆ ಓಡಿದ್ದಾರೆ! ಎಸೀರಿ ಅದನ್ನು. ದಾರ ಜಗ್ಗಿದರೆ ಎದ್ದು ಚೀಲ ನೋಡಲಿ. ಓಲೆ ಇದ್ದರೆ ಓಡಲಿ, ಇಲ್ಲದಿದ್ದರೆ ಮತ್ತೆ ಮಲಗಲಿ. ಇಷ್ಟಕ್ಕೆ ಇನ್ನೇನು ಬೇಕು?"

ರಾಜಕುಮಾರಿ ಎರಡನೆಯ ಗರಿಯನ್ನೂ ಬಿಚ್ಚಿ ತೋರಿಸಿ, ಮೂರನೆಯದನ್ನು ಕೇಳಿದಳು. "ಅವನು ಜಗಲಿಯಲ್ಲಿ ಇರಲೇ ಇಲ್ಲ. ಆದರೂ ಎಚ್ಚರವಾದವನನ್ನು ಏಳದಂತೆ ಅದುಮಿ ಹಿಡಿದವನು ಅವನೇ. ಯಾರು?"

ಚನ್ನಿಗ ಸಿಂಹಾಸನದತ್ತ ತಿರುಗಿದ. "ನೀವು, ಬುದ್ಧಿ. ನಿಮ್ಮ ಅಪ್ಪಣೆ."

"ಎಲಾ ಚಾಪೆಯವನೇ!" ದೊರೆ ಕತ್ತಿ ಹಿರಿದ. ಮಲ್ಲಾಜಮ್ಮ ಮೂರನೆಯ ಗರಿ ಬಿಚ್ಚಿ ತಂದೆಯ ಮುಖಕ್ಕೇ ಹಿಡಿದಳು. ಅದರಲ್ಲಿದ್ದದ್ದು ಒಂದೇ ಮಾತು: ಅಪ್ಪಾಜಿ.

ಕತ್ತಿ ಒರೆಗೆ ಹೋಯಿತು. ಬೆಟ್ಟಯ್ಯನ ಜೊತೆಗೆ ಪಂಡಿತನನ್ನೂ ದಳವಾಯಿಯನ್ನೂ ಬಿಟ್ಟರು. ಬಿಲ್ಲೆಗಳೆಲ್ಲ ಕಂಚುಗಾರನ ಕುಲುಮೆಗೆ ಹೋದವು.

"ವರ ಕೇಳು," ಅಂದ ದೊರೆ, ತಲೆಯೆತ್ತದೆ. "ಹೊನ್ನು ಬೇಕೋ, ಭೂಮಿ ಬೇಕೋ?"

"ನಿಮ್ಮ ಹೊನ್ನು ಯಾರಿಗೆ ಬೇಕು! ಹೊಸಹಳ್ಳಿಗೆ ಹೋಗಿ. ಬದುಕುಳಿದವರ ಮುಂದೆ ನಿಂತು ಆ ಮೂರನೆಯ ಉತ್ತರ ನೀವೇ ಹೇಳಿ."

ದೊರೆ ಹೋದ. ಒಡೆದ ಏರಿಯ ಮೇಲೆ ನಿಂತು, "ನಾನೇ," ಅಂದ. ಒಬ್ಬರೂ ಕೈ ಮುಗಿಯಲಿಲ್ಲ.